ನೆಟ್ಟಪ್ಪನ ದವಡೆ

ಶಾಲೆಯ ಪುಟಾಣಿ ಕಾರುಗಳ ರೇಸಿಗೆ ಇನ್ನೊಂದು ವಾರವಿದೆ ಎನ್ನುವಾಗ ಅಪ್ಪಂದಿರು ಒಬ್ಬೊಬ್ಬರಾಗಿ ನೆಟ್ಟಪ್ಪನ ಬಾಗಿಲಿಗೆ ಬರುತ್ತಿದ್ದರು. ಮಕ್ಕಳಲ್ಲ, ಅಪ್ಪಂದಿರು. ಅಂಗೈಯಲ್ಲಿ ನಾಲ್ಕು ಮೊಳೆ ಹಿಡಿದುಕೊಂಡು, ಮೂಳೆ ಮುರಿದುಕೊಂಡು ಆಸ್ಪತ್ರೆಗೆ ಬಂದವರ ಹಾಗೆ ಮುಖ ಮಾಡಿಕೊಂಡು ನಿಲ್ಲುತ್ತಿದ್ದರು. ಶಾಲೆಯವರು ಕೊಡುವ ಪೊಟ್ಟಣದಲ್ಲಿ ಒಂದು ಮರದ ತುಂಡು, ನಾಲ್ಕು ಪ್ಲಾಸ್ಟಿಕ್ ಚಕ್ರ, ನಾಲ್ಕು ಮೊಳೆ ಇರುತ್ತವೆ. ಮರ ಕೆತ್ತಿ ಕಾರು ಮಾಡಬೇಕು, ಮೊಳೆಯೇ ಚಕ್ರಕ್ಕೆ ಅಚ್ಚು. ಎಂಜಿನ್ ಗಿಂಜಿನ್ ಏನೂ ಇಲ್ಲ. ಇಳಿಜಾರು ಹಲಗೆಯ ಮೇಲೆ ಬಿಟ್ಟರೆ ತನ್ನ ಭಾರಕ್ಕೆ ತಾನೇ ಉರುಳಬೇಕು. ಮೊಳೆ ಕೂದಲೆಳೆಯಷ್ಟು ಬಾಗಿದ್ದರೂ ಚಕ್ರ ಕುಂಟುತ್ತದೆ. ಆ ಮೊಳೆಗಳನ್ನು ನೆಟ್ಟಗೆ ಮಾಡುವ ಉಪಕರಣ ಸುತ್ತಮುತ್ತ ಇದ್ದದ್ದು ನೆಟ್ಟಪ್ಪನೊಬ್ಬನ ಬಳಿ.

"ರೇಸು ನಿಂದೋ, ನಿನ್ನ ಮಗಂದೋ?" ಎಂದು ಅವನು ಬಂದವರನ್ನೆಲ್ಲ ಕೇಳುತ್ತಿದ್ದ. ಅವರು ಹಲ್ಲು ಕಿರಿಯುತ್ತಿದ್ದರು. ಒಬ್ಬ ಬ್ಯಾಂಕ್ ಮ್ಯಾನೇಜರಂತೂ ಕಾರಿಗೆ ಏಳು ಸಲ ಬಣ್ಣ ಹೊಡೆದು, ಹತ್ತಿಯಲ್ಲಿ ಸುತ್ತಿ ತಂದಿದ್ದ. ಮಗನಿಗೆ ಅದನ್ನು ದೂರದಿಂದ ನೋಡಲು ಮಾತ್ರ ಅಪ್ಪಣೆಯಂತೆ. ಇಂಥವರನ್ನು ಕಂಡರೆ ನೆಟ್ಟಪ್ಪನಿಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಮೊಳೆ ಇಸಿದುಕೊಳ್ಳುತ್ತಿದ್ದ. ತನ್ನನ್ನು ಬಿಟ್ಟರೆ ಗತಿಯಿಲ್ಲ ಎಂದು ಅವರು ನಿಂತಿರುವುದನ್ನು ನೋಡುವುದು ಅವನಿಗೆ ಅಷ್ಟು ಇಷ್ಟ.

ಉಪಕರಣದ ಹೆಸರು ದವಡೆ. ಅವನೇ ಮಾಡಿದ್ದು, ಅವನೇ ಹೆಸರಿಟ್ಟದ್ದು. ಬೆರಳುದ್ದದ ಎರಡು ಉಕ್ಕಿನ ತುಂಡುಗಳು. ಒಂದರ ಮೇಲೊಂದು ಕೂರಿಸಿದರೆ ಬಾಯಿ ಮುಚ್ಚಿದ ಹಾಗೆ. ಒಳಮೈಯಲ್ಲಿ ಮೊಳೆ ಸರಿಯಾಗಿ ಕೂರುವಂಥ ಸಣ್ಣ ತೋಡು. ಮೊಳೆಯನ್ನು ಅದರಲ್ಲಿಟ್ಟು ಸುತ್ತಿಗೆಯಲ್ಲಿ ಮೆಲ್ಲಗೆ ಒಂದು ಪೆಟ್ಟು, ಮೊಳೆಯನ್ನು ಒಂಚೂರು ತಿರುಗಿಸಿ ಇನ್ನೊಂದು ಪೆಟ್ಟು. ಒಂದು ಸುತ್ತು ಮುಗಿಯುವಷ್ಟರಲ್ಲಿ ಎಂಥ ಸೊಟ್ಟ ಮೊಳೆಯೂ ಬಾಲ ಮುದುರಿಕೊಂಡು ನೆಟ್ಟಗಾಗುತ್ತಿತ್ತು.

ಪಂಪ್ ತಯಾರಿಸುವ ಕಾರ್ಖಾನೆಯ ಟೂಲ್ ರೂಮಿನಲ್ಲಿ ಮೂವತ್ತಾರು ವರ್ಷ ದುಡಿದವನು ಅವನು. ಎಲ್ಲದಕ್ಕೂ "ನೆಟ್ಟಗಿರಬೇಕು" ಎನ್ನುವುದು ಅವನ ಚಟ. ಹೆಸರು ಅಲ್ಲಿಂದಲೇ ಅಂಟಿಕೊಂಡಿತು. ಬೇರೆಯವರ ಮನೆಗೆ ಹೋದರೆ ಕೂರುವ ಮೊದಲು ಗೋಡೆಯ ಪಟಗಳನ್ನು ಸರಿಪಡಿಸುತ್ತಿದ್ದ. ಒಂದು ಕಣ್ಣು ಮುಚ್ಚಿ ಬಾಗಿಲ ಚೌಕಟ್ಟನ್ನು ದಿಟ್ಟಿಸಿ, ಮನೆಯೊಡೆಯನನ್ನು ಪಾಪ ಎನ್ನುವ ಹಾಗೆ ನೋಡುತ್ತಿದ್ದ. ಹೆಂಡತಿ ಇದ್ದಷ್ಟು ದಿನ ಅವಳ ಬೈತಲೆಯಲ್ಲೂ ತಪ್ಪು ಹುಡುಕಿದ. ಅವಳು ತೀರಿಕೊಂಡ ಮೇಲೆ ಮಗಳ ಮನೆಗೆ ಬಂದು, ಹಿಂದಿನ ಕೋಣೆಯ ಕಿಟಕಿ ಕಟ್ಟೆಗೆ ಕಬ್ಬಿಣ ಕಚ್ಚಿ ಹಿಡಿಯುವ ತನ್ನ ಬೈಸ್ ಕೂರಿಸಿ, ಇಡೀ ಮನೆಯನ್ನು ತಿದ್ದಲು ಶುರುಮಾಡಿದ.

ತಿದ್ದಲಾಗದೆ ಉಳಿದವನು ಅಳಿಯ. ಅವನು ಕನ್ನಡಕದಂಗಡಿಯಲ್ಲಿ ಕೆಲಸಕ್ಕಿದ್ದ. ಬಂದವರ ಮೂಗಿಗೆ, ಕಿವಿಗೆ ತಕ್ಕ ಹಾಗೆ ಫ್ರೇಮು ಬಗ್ಗಿಸಿಕೊಡುವುದು ಅವನ ಕೆಲಸ. ಸದಾ ಅಂಗಿಯ ಜೇಬಿನಲ್ಲಿ ಒಂದು ಪುಟ್ಟ ಇಕ್ಕಳ. ಮಾತು ಕಡಿಮೆ, ನಡೆಯುವಾಗ ಬೆನ್ನು ಗೂನು.

"ನೆಟ್ಟಗಿರೋದನ್ನ ಸೊಟ್ಟ ಮಾಡೋದೂ ಒಂದು ಕಸುಬಾ?" ಎಂದು ನೆಟ್ಟಪ್ಪ ಊಟಕ್ಕೆ ಕೂತಾಗಲೆಲ್ಲ ಕೇಳುತ್ತಿದ್ದ.

"ಎಲ್ಲರ ಕಿವಿಯೂ ಒಂದೇ ಸಮ ಇರಲ್ಲ, ಮಾವ," ಎನ್ನುತ್ತಿದ್ದ ಅಳಿಯ. ಅಷ್ಟೇ. ಎದುರು ಮಾತಾಡಿದ್ದರೆ ನೆಟ್ಟಪ್ಪನಿಗೆ ಒಂದಿಷ್ಟು ಗೌರವವಾದರೂ ಹುಟ್ಟುತ್ತಿತ್ತೇನೋ. ಬೆನ್ನೆಲುಬಿಲ್ಲದವನು ಎಂದು ಒಳಗೊಳಗೇ ಹಲ್ಲು ಕಡಿಯುತ್ತಿದ್ದ.

ಹತ್ತು ವರ್ಷದ ಮೊಮ್ಮಗಳಿಗೂ ಅಜ್ಜನ ಕಾಟ ತಪ್ಪಿರಲಿಲ್ಲ. ಹಿಂದಿನ ವರ್ಷ ಅವಳು ಎರಡು ದಿನ ಕೂತು ಕಾರಿನ ಮೂತಿಗೆ ಬಾತುಕೋಳಿಯ ಕೊಕ್ಕು ಕೆತ್ತಿದ್ದಳು. ಎಡಬಲ ಸಮವಾಗಿಲ್ಲವೆಂದು ಅಜ್ಜ ಅವಳಿಲ್ಲದಾಗ ಅದನ್ನು ಗರಗಸದಲ್ಲಿ ಕೊಯ್ದುಹಾಕಿದ. ಕಾರಿಗೆ ಮೂರನೇ ಬಹುಮಾನ ಬಂತು. ಹುಡುಗಿ ಆ ಕಪ್ಪನ್ನು ಕಣ್ಣೆತ್ತಿಯೂ ನೋಡಲಿಲ್ಲ. ಈಗಿನ ಮಕ್ಕಳಿಗೆ ಕೃತಜ್ಞತೆ ಎಂಬುದೇ ಇಲ್ಲ ಎಂದು ನೆಟ್ಟಪ್ಪ ವಾರವಿಡೀ ಗೊಣಗಿದ.

ಈ ವರ್ಷ ಅವಳು ಮೊದಲೇ ಬಂದು ಅವನೆದುರು ನಿಂತಳು. "ಅಜ್ಜ, ಈ ಸಲ ನನ್ನ ಕಾರು ಮುಟ್ಟಬಾರ್ದು. ನಾನೇ ಮಾಡಿ ನಾನೇ ಗೆಲ್ಲಬೇಕು."

"ನಿಮ್ಮಪ್ಪನಿಗೆ ಮುಟ್ಟೋಕೆ ಕೊಡ್ತೀಯಲ್ಲ?"

"ನಾನು ಕೇಳಿದ್ರೆ ಮಾತ್ರ ಅಪ್ಪ ಹೇಳ್ತಾರೆ."

ಹತ್ತು ದಿನ ತಂದೆ ಮಗಳು ಊಟದ ಮೇಜಿನ ಮೇಲೆ ತಲೆಗೆ ತಲೆ ತಾಗಿಸಿಕೊಂಡು ಕೂತರು. ಅವಳು ಕಾರನ್ನು ನೆಲದ ಮೇಲೆ ಉರುಳಿಸುವಳು, ಚಾಕ್‌ಪೀಸಿನಲ್ಲಿ ಗುರುತು ಹಾಕುವಳು, ಪುಸ್ತಕದಲ್ಲಿ ಏನೋ ಬರೆದುಕೊಳ್ಳುವಳು. ನೆಟ್ಟಪ್ಪ ನೀರು ಕುಡಿಯುವ ನೆಪದಲ್ಲಿ ಹತ್ತು ಸಲ ಆ ಕಡೆ ಸುಳಿದ. ಯಾರೂ ತಲೆಯೆತ್ತಲಿಲ್ಲ. ಊರಿನ ಅಪ್ಪಂದಿರೆಲ್ಲ ತನ್ನ ಬಾಗಿಲಲ್ಲಿ ಕೈಕಟ್ಟಿ ನಿಂತಿರುವಾಗ ಸ್ವಂತ ಮೊಮ್ಮಗಳು ಒಬ್ಬ ಕನ್ನಡಕದವನನ್ನು ನಂಬಿ ಕೂತಿದ್ದಳು. ಅವನಿಗೆ ಅನ್ನ ರುಚಿಸಲಿಲ್ಲ.

ರೇಸಿನ ದಿನ ಬೆಳಿಗ್ಗೆ ಹುಡುಗಿ ಸ್ನಾನಕ್ಕೆ ಹೋಗಿದ್ದಳು, ಮಗಳು ಅಡುಗೆಮನೆಯಲ್ಲಿದ್ದಳು, ಅಳಿಯ ಅಂಗಿಗೆ ಇಸ್ತ್ರಿ ಹಾಕುತ್ತಿದ್ದ. ಕಾರು ಮೇಜಿನ ಮೇಲೆ ಬಾಯಿ ತೆರೆದ ಶೂ ಡಬ್ಬಿಯಲ್ಲಿತ್ತು. ಸುಮ್ಮನೆ ನೋಡಿಬಿಡೋಣವೆಂದು ನೆಟ್ಟಪ್ಪ ಅದನ್ನೆತ್ತಿ, ಒಂದು ಕಣ್ಣು ಮುಚ್ಚಿ, ಬೆಳಕಿಗೆ ಹಿಡಿದ. ಮುಂದಿನ ಬಲಚಕ್ರ ಓರೆಯಾಗಿತ್ತು. ಎಳೆದು ನೋಡಿದರೆ ಮೊಳೆಯೇ ಬಾಗಿತ್ತು. ಹತ್ತು ದಿನ ಕೂತು ಮಾಡಿದ್ದು ಇಷ್ಟೇ! ಅವನಿಗೆ ನಗು ಬಂತು, ಸಿಟ್ಟೂ ಬಂತು, ಅದಕ್ಕಿಂತ ಹೆಚ್ಚಾಗಿ ಹಿಗ್ಗು ಬಂತು. ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಮೊಳೆಯನ್ನು ದವಡೆಗೆ ಕೊಟ್ಟ. ಐದೇ ನಿಮಿಷ. ಮೊದಲಿದ್ದ ಹಾಗೆಯೇ ಜೋಡಿಸಿ ಡಬ್ಬಿಯಲ್ಲಿಟ್ಟ. ಯಾರಿಗೂ ಹೇಳಲಿಲ್ಲ. ಗೆದ್ದು ಬರಲಿ, ಊಟದ ಹೊತ್ತಿಗೆ ಅಳಿಯನ ಎದುರೇ ಹೇಳುತ್ತೇನೆ ಎಂದುಕೊಂಡ.

ಶಾಲೆಯ ಸಭಾಂಗಣದಲ್ಲಿ ಆಳೆತ್ತರದಿಂದ ನೆಲದವರೆಗೆ ಹಲಗೆಯ ಇಳಿಜಾರು, ಅದರಲ್ಲಿ ನಾಲ್ಕು ಓಣಿ. ಪ್ರತಿ ಓಣಿಯ ನಡುವೆ ಉದ್ದಕ್ಕೂ ಒಂದು ಉಬ್ಬು ಪಟ್ಟಿ. ಕಾರಿನ ಚಕ್ರಗಳು ಅದರ ಅತ್ತಿತ್ತ ಓಡಬೇಕು. ತೂಕದ ಮೇಜಿನ ಮೇಲೆ ಅಳಿಯ ಕಾರನ್ನು ಒಂದು ಗೇಣು ಉರುಳಿಸಿದ. ಮತ್ತೆ ಉರುಳಿಸಿದ. ಆಮೇಲೆ ಕತ್ತೆತ್ತಿ ಮಾವನ ಮುಖ ನೋಡಿದ. ಅಷ್ಟರಲ್ಲಿ ಡ್ರಿಲ್ ಮಾಸ್ತರು ಕಾರು ಕಿತ್ತುಕೊಂಡು, "ಮೊದಲ್ನೇ ಸುತ್ತು ಮುಗಿಯೋವರೆಗೂ ಯಾರೂ ಮುಟ್ಟೋ ಹಾಗಿಲ್ಲ," ಎಂದು ಒಯ್ದರು. ಪೆಕರನ ಹಾಗೆ ನೋಡುವುದು ನೋಡು ಎಂದು ನೆಟ್ಟಪ್ಪ ಮುಖ ತಿರುಗಿಸಿದ.

ಅವಳ ಕಾರು ಮೇಲಿಂದ ಹೊರಟಿತು. ಅರ್ಧ ದಾರಿಯಲ್ಲಿ ಓಲಾಡತೊಡಗಿತು. ಎಡಕ್ಕೆ ಹೋಗಿ ಪಟ್ಟಿಗೆ ಬಡಿಯಿತು, ಬಲಕ್ಕೆ ಹೋಗಿ ಬಡಿಯಿತು, ಹಾಗೆ ಬಡಿದುಕೊಳ್ಳುತ್ತಲೇ ನಾಲ್ಕು ಕಾರುಗಳಲ್ಲಿ ನಾಲ್ಕನೆಯದಾಗಿ ಬಂದು ಸೇರಿತು. ಹುಡುಗಿಯ ಮುಖ ಕೆಂಪಾಯಿತು.

"ಅಪ್ಪಾ, ಸರಿಯಾಗುತ್ತೆ ಅಂದ್ರಲ್ಲ ನೀವು!"

ಅಳಿಯ, "ನನ್ನ ಲೆಕ್ಕ ತಪ್ಪಿರಬೇಕು ಮಗಳೇ," ಎಂದ.

ಹುಡುಗಿ ಕಾರನ್ನು ತಂದು ನೆಟ್ಟಪ್ಪನ ಕೈಗಿಟ್ಟಳು. ಕಣ್ಣಲ್ಲಿ ನೀರು ತುಂಬಿತ್ತು. "ಅಜ್ಜ, ನೀವೇ ಮಾಡಿಕೊಡಿ. ಮುಂದಿನ ಒಂದು ಮೊಳೆ ಬೇಕಂತ್ಲೇ ಬಗ್ಗಿಸಿದ್ವಿ. ಬಗ್ಗಿದ್ರೆ ಕಾರು ಒಂದೇ ಕಡೆ ಪಟ್ಟಿಗೆ ಒರಗಿಕೊಂಡು ಹೋಗುತ್ತೆ, ಆ ಕಡೆ ಈ ಕಡೆ ಬಡಿಯಲ್ಲ ಅಂತ. ಆಗ್ಲಿಲ್ಲ. ನೆಟ್ಟಗೆ ಮಾಡಿಬಿಡಿ."

ಹತ್ತು ದಿನದಿಂದ ಅವನು ಕಾದಿದ್ದು ಈ ಮಾತಿಗೇ. ಕಾರು ಕೈಯಲ್ಲಿತ್ತು, ಮೊಳೆ ಆಗಲೇ ನೆಟ್ಟಗಿತ್ತು. ಪ್ರತಿ ವರ್ಷ ಮೊದಲ ಬಹುಮಾನ ಗೆಲ್ಲುವವರ ಮನೆಯವರು ತನ್ನ ಬಾಗಿಲಿಗೆ ಒಮ್ಮೆಯೂ ಬಂದಿರಲಿಲ್ಲ, ಯಾಕೆಂದು ಅವನಿಗೆ ಆಗ ಹೊಳೆಯಿತು. ಅಳಿಯನ ಕಡೆ ನೋಡಿದ. ಅವನಿಗೆ ತೂಕದ ಮೇಜಿನ ಹತ್ತಿರವೇ ಎಲ್ಲ ಗೊತ್ತಾಗಿತ್ತು. ಗೊತ್ತಿದ್ದೂ ತಪ್ಪನ್ನು ತನ್ನ ತಲೆಗೆ ಕಟ್ಟಿಕೊಂಡು, ಬೆನ್ನು ಗೂನು ಮಾಡಿಕೊಂಡು, ಬಾಯಿ ಮುಚ್ಚಿಕೊಂಡು ನಿಂತಿದ್ದ.

ಸುಮ್ಮನಿದ್ದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಈ ಕನ್ನಡಕದವನ ಹಂಗಿನಲ್ಲಿ ಬದುಕುವುದೇ? ನೆಟ್ಟಪ್ಪನಿಗೆ ಅದಕ್ಕಿಂತ ದೊಡ್ಡ ಅವಮಾನ ಇನ್ನೊಂದಿರಲಿಲ್ಲ.

"ಲೆಕ್ಕ ತಪ್ಪೋಕೆ ಇವನಿಗೇನು ಲೆಕ್ಕ ಬರುತ್ತೆ!" ಎಂದು ಕೂಗಿದ. ಸಭಾಂಗಣವೆಲ್ಲ ತಿರುಗಿ ನೋಡಿತು. "ನೆಟ್ಟಗೆ ಮಾಡಿದ್ದು ನಾನು! ಬೆಳಿಗ್ಗೆನೇ ಮಾಡಿದೆ!"

ಹುಡುಗಿ ಅವನನ್ನೇ ನೋಡಿದಳು. "ಮುಟ್ಟಬಾರ್ದು ಅಂತ ಹೇಳಿದ್ನಲ್ಲ?"

"ಸೊಟ್ಟ ಇತ್ತು."

"ಯಾಕೆ ಸೊಟ್ಟ ಇದೆ ಅಂತ ಕೇಳಬೋದಿತ್ತಲ್ಲ, ಅಜ್ಜ?"

ಅಂಥ ಪ್ರಶ್ನೆಯನ್ನು ಅವನು ಜನ್ಮದಲ್ಲಿ ಯಾರನ್ನೂ ಕೇಳಿದವನಲ್ಲ. ಅವಳು ಕಾರನ್ನು ಅವನ ಕೈಯಿಂದ ತೆಗೆದುಕೊಂಡು ಅಪ್ಪನಿಗೆ ಕೊಟ್ಟಳು. ಎರಡನೇ ಸುತ್ತಿಗೆ ಮುಂಚೆ ರಿಪೇರಿಗೆ ಐದು ನಿಮಿಷವಿತ್ತು. ಅಳಿಯ ಇಕ್ಕಳ ತೆಗೆದು, ಮೊಳೆಯನ್ನು ಬೆರಳಲ್ಲಿ ತಡವುತ್ತ, ಎಲ್ಲೋ ಒಂದು ಕಡೆ ಮೆಲ್ಲಗೆ ಒತ್ತಿದ. ನೆಟ್ಟಪ್ಪ ಬಗ್ಗಿ ಕತ್ತು ಚಾಚಿದ. "ಇನ್ನೊಂಚೂರು ಒತ್ತಬೇಕು ಅದು..."

"ಅಜ್ಜ, ನೀವು ಅಲ್ಲಿ ಹೋಗಿ ಕೂತ್ಕೊಳ್ಳಿ," ಎಂದಳು ಹುಡುಗಿ, ತಲೆಯೆತ್ತದೆ. ಬೈದ ದನಿಯಲ್ಲ, ಚಿಕ್ಕ ಮಕ್ಕಳಿಗೆ ಹೇಳುವ ದನಿ. ಅವನು ಹೋಗಿ ಅಪ್ಪಂದಿರ ಸಾಲಿನಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತ.

ಎರಡನೇ ಸುತ್ತಿನಲ್ಲಿ ಅವಳ ಕಾರು ಪಟ್ಟಿಗೆ ಒರಗಿಕೊಂಡು, ಸದ್ದಿಲ್ಲದೆ, ಒಂದೇ ಸಮನೆ ಇಳಿದು ಬಂತು. ಇಡೀ ದಿನದಲ್ಲಿ ಅಷ್ಟು ಬೇಗ ಯಾವ ಕಾರೂ ಇಳಿಯಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಡ್ರಿಲ್ ಮಾಸ್ತರು ಎರಡೂ ಸುತ್ತಿನ ಸಮಯ ಕೂಡಿಸಿ ಹಲಗೆಯ ಮೇಲೆ ಬರೆದರು. ಅವಳದು ಐದನೆಯದು. ಫೈನಲಿಗೆ ನಾಲ್ವರು.

ಅವಳು ಶೂ ಡಬ್ಬಿ ತೆಗೆದುಕೊಳ್ಳಲು ಕುರ್ಚಿಯ ಹತ್ತಿರ ಬಂದಾಗ ನೆಟ್ಟಪ್ಪ ಗಂಟಲು ಸರಿಮಾಡಿಕೊಂಡ. "ಎರಡನೇ ಸಲ ಎಷ್ಟು ಚೆನ್ನಾಗಿ ಓಡಿತಲ್ಲ ನಮ್ಮ ಕಾರು," ಎಂದ.

"ಮೊದಲ್ನೇ ಸಲ ಓಡಿದ್ದು ನಿಮ್ಮ ಕಾರು, ಅಜ್ಜ," ಎಂದಳು ಅವಳು. "ಎರಡನೇ ಸಲ ಓಡಿದ್ದು ನಂದು."

ಕಾರನ್ನು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿ ಅವಳು ಅಪ್ಪನ ಕಡೆ ನಡೆದಳು.