ಹಸಿರು ದೀಪಕ್ಕೆ ಕೆಂಪು ಎಂದವಳು

ಶಿಡ್ಲಘಟ್ಟದ ತನುಜ ಯಾರ ಮಾತನ್ನೂ ಸುಲಭಕ್ಕೆ ನಂಬಿದವಳಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಅನ್ನುವುದು ಉಳಿದವರಿಗೆ ಗಾದೆಯಾದರೆ ಇವಳಿಗೆ ಅದು ಕಾಯಿದೆ. ಅಂಗಡಿಯವನು ಟೊಮ್ಯಾಟೊ ತಾಜಾ ಅಂದರೆ ಬುಟ್ಟಿಯ ತಳಕ್ಕೆ ಕೈ ಹಾಕುತ್ತಿದ್ದಳು. ಡಾಕ್ಟರು ಏನೂ ಇಲ್ಲಮ್ಮ ಅಂದರೆ ಏನೋ ಇದೆ ಅಂದುಕೊಳ್ಳುತ್ತಿದ್ದಳು. 'ಅನುಮಾನಂ ಪೆದ್ದರೋಗಂ ಕಣೇ' ಅಂತ ಗಂಡ ಮುರಳಿಮೋಹನ್ ತೆಲುಗು ಗಾದೆ ಹೇಳಿ ರೇಗಿಸಿದರೆ, 'ರೋಗ ಇರೋದು ನಂಗೋ, ಸುಳ್ಳು ಹೇಳೋರಿಗೋ?' ಅನ್ನುತ್ತಿದ್ದಳು. ಇಂಥವಳನ್ನು ದೇವರು ತಂದು ಹಾಯಿದೋಣಿಯಲ್ಲಿ ಕೂರಿಸಿದ. ಅವನಿಗೂ ಹೊತ್ತು ಹೋಗಬೇಕಲ್ಲ!

ಮುರಳಿಮೋಹನ್ ಮಂಚೇನಹಳ್ಳಿಯವನು, ನೌಕಾಪಡೆಯಲ್ಲಿ ದುಡಿದು ರಿಟೈರಾದವನು. ಜತೆಯವರೆಲ್ಲ ಚಿಕ್ಕಬಳ್ಳಾಪುರದ ಸುತ್ತ ಸೈಟು ಹುಡುಕುತ್ತಿದ್ದಾಗ ಇವನು ಕಾರವಾರದ ಕಡೆ ಹೋಗಿ ಒಂದು ಹಳೇ ಹಾಯಿದೋಣಿ ಕೊಂಡ. ತೀರಿಹೋದ ತಾಯಿಯ ನೆನಪಿಗೆ ಅದಕ್ಕೆ 'ಅಕ್ಕಯ್ಯಮ್ಮ' ಅಂತ ಹೆಸರಿಟ್ಟ. ಬದುಕಿದ್ದಷ್ಟು ದಿನ ಸೊಸೆಯನ್ನು ಅಡುಗೆಮನೆಯಲ್ಲಿ ಕಾಲೂರಲು ಬಿಡದ ಅತ್ತೆಯ ಹೊಟ್ಟೆಯೊಳಗೇ ಈಗ ಸಂಸಾರ ಮಾಡಬೇಕಾಯಿತಲ್ಲ ಎಂದು ತನುಜ ಹಣೆ ಚಚ್ಚಿಕೊಂಡಳು. ಮಳೆಗಾಲಕ್ಕೆ ದೋಣಿಯನ್ನು ದಡಕ್ಕೆಳೆದು ಚಿಕ್ಕಬಳ್ಳಾಪುರದ ಬಾಡಿಗೆ ಮನೆಗೆ ಬರುವುದು, ದಸರಾ ಕಳೆದ ಮೇಲೆ ಮತ್ತೆ ನೀರಿಗಿಳಿಯುವುದು ಅವರ ವಾಡಿಕೆಯಾಯಿತು.

ದೋಣಿಯ ಒಳಗೆ ಒಬ್ಬರು ಎದ್ದರೆ ಇನ್ನೊಬ್ಬರು ಕೂರಬೇಕು. ಅಲೆ ಬಂದರೆ ಒಲೆಯೂ ತೂಗುತ್ತದೆ, ಒಲೆಯ ಮೇಲಿನ ಹಿಟ್ಟಿನ ಪಾತ್ರೆಯೂ ತೂಗುತ್ತದೆ. ಅವಳು ಪಾತ್ರೆಯನ್ನು ಕೆಳಗಿಳಿಸಿ, ಬಟ್ಟೆ ಸುತ್ತಿ, ಎರಡೂ ಪಾದದಲ್ಲಿ ಒತ್ತಿ ಹಿಡಿದು ಮುದ್ದೆ ತೊಳಸುತ್ತಿದ್ದಳು. ಪಾತ್ರೆ ಬೆಳಗುವುದು ಉಪ್ಪು ನೀರಿನಲ್ಲಿ, ಕೊನೆಗೆ ಒಂದೇ ಚೊಂಬು ಸಿಹಿನೀರು. ಅದನ್ನು ಅವನು ಹೇಳಿಕೊಡಲು ಬಂದಾಗ ಅವಳಿಗೆ ನಗು ಬಂತು. ಬೋರ್‌ವೆಲ್ ಬತ್ತಿ ಟ್ಯಾಂಕರಿಗೆ ಕಾದ ಊರಿನ ಹೆಣ್ಣಿಗೆ ನೀರು ಉಳಿಸುವುದನ್ನು ನೌಕಾಪಡೆ ಕಲಿಸಬೇಕೇ? ಜಗಳವಾದರೆ ತವರಿಗೆ ಹೋಗುವ ಹಾಗಿಲ್ಲ. ಇವಳು ದೋಣಿಯ ಮೂತಿಯಲ್ಲಿ, ಅವನು ಬಾಲದಲ್ಲಿ ಮುಖ ಊದಿಸಿಕೊಂಡು ಕೂರುತ್ತಿದ್ದರು, ಕಾಫಿ ಹೊತ್ತಾಗುವವರೆಗೆ. ನಿಜ ಹೇಳಬೇಕೆಂದರೆ ತನುಜಳಿಗೆ ಈ ಬಾಳು ಹಿಡಿಸಿಬಿಟ್ಟಿತ್ತು. ಹೇಳಿದರೆ ಗಂಡನಿಗೆ ಕೊಂಬು ಬರುತ್ತದೆಂದು ಮಾತ್ರ ದಿನಾ ಗೊಣಗುತ್ತಿದ್ದಳು.

ಅನುಮಾನದ ಹುಳ ಹೊಕ್ಕಿದ್ದು ಹೋದ ಮಳೆಗಾಲದಲ್ಲಿ. ಹೈವೇಯಲ್ಲಿ ಲಾರಿಗಳನ್ನು ಹಿಂದೆ ಹಾಕಿ ಖುಷಿಪಡುತ್ತಿದ್ದ ಗಂಡ ಇದ್ದಕ್ಕಿದ್ದಂತೆ, 'ಸಂಜೆ ಹೊತ್ತು ಸ್ಕೂಟರ್ ನೀನೇ ಓಡ್ಸು' ಅನ್ನತೊಡಗಿದ. ಆಮೇಲೊಂದು ದಿನ, ಚಿಂತಾಮಣಿ ಆಚೆಯ ಮುರುಗಮಲ್ಲದಲ್ಲಿ ಅಂಗಡಿ ಇಟ್ಟಿರುವ ಗೆಳೆಯ ಲಾಲ್ ಬಾಷಾನನ್ನು ನೋಡಿಬರುತ್ತೇನೆಂದು ಚಿಂತಾಮಣಿ ಬಸ್ಸು ಹತ್ತಿದ. ಮಧ್ಯಾಹ್ನ ಲಾಲ್ ಬಾಷಾನೇ ಫೋನ್ ಮಾಡಿದ. 'ಭಾಬಿ, ಎಲ್ಲಿ ನಮ್ಮ ಮುರಳಿ? ಈ ಕಡೆ ತಲೆನೇ ಹಾಕಿಲ್ಲ!'

ಗಂಡ ಬಂದ ಮೇಲೆ, 'ಹೆಂಗಿದಾರೆ ಲಾಲ್ ಬಾಷಾ?' ಅಂತ ಮೆಲ್ಲಗೆ ಕೇಳಿದಳು.

'ಚೆನ್ನಾಗಿದಾನೆ ಕಣೇ. ಟೀ ಕುಡಿಸ್ದ.'

ಎಷ್ಟು ನುಣ್ಣಗೆ ಹೇಳಿದ! ಅವತ್ತಿನಿಂದ ಅವನ ಅಂಗಿ ಮೂಸಿದಳು, ಬರೀ ಬೆವರಿನ ವಾಸನೆ. ಸ್ನಾನಕ್ಕೆ ಹೋದಾಗ ಫೋನ್ ತಡಕಿದಳು, ಏನೂ ಇಲ್ಲ. ಏನೂ ಇಲ್ಲದ ಫೋನು ಅವಳಿಗೆ ಇನ್ನೂ ದೊಡ್ಡ ಸಾಕ್ಷಿಯಾಯಿತು.

ದೋಣಿಗೆ ಮರಳಿದ ಮೇಲೆ ಅವನು ಹೊಸ ವರಸೆ ತೆಗೆದ. ಚುಕ್ಕಾಣಿ ಹಿಡಿ, ಹಾಯಿ ಇಳಿಸು, ಲಂಗರು ಬಿಡು, ಇಂಜಿನ್ ಶುರು ಮಾಡು ಎಂದು ಎಲ್ಲವನ್ನೂ ಅವಳ ಕೈಯಲ್ಲೇ ಮಾಡಿಸತೊಡಗಿದ. 'ನಾನಿಲ್ದಿದ್ರೂ ನೀನು ನಡೆಸಂಗಾಗ್ಬೇಕು' ಎಂದ. ಇಲ್ಲದಿದ್ದರೆ ಅಂದರೆ? ಎಲ್ಲಿಗೆ ಹೊರಟಿದ್ದಾನೆ ಈ ಮನುಷ್ಯ? ಸಂಜೆಯಾದರೆ ಮೇಷ್ಟರ ಹಾಗೆ ಪರೀಕ್ಷೆ ಬೇರೆ: 'ತನು, ಅಲ್ಲಿರೋ ದೀಪ ಯಾವ ಬಣ್ಣ ಹೇಳು?' ಅವಳು ಹೇಳುತ್ತಿದ್ದಳು. ಒಳಗೊಳಗೆ ಭಯವಾಗುತ್ತಿತ್ತು. ಇವನು ನನ್ನನ್ನು ಬಿಟ್ಟು ಹೋಗುತ್ತಾನೆ, ಅದಕ್ಕೇ ಈಜು ಕಲಿಸಿ ಕೈಬಿಡುವ ತಯಾರಿ ಅಂತ ಅವಳಿಗೆ ಗಟ್ಟಿಯಾಗಿಹೋಗಿತ್ತು.

ಡಿಸೆಂಬರಿನ ಒಂದು ದಿನ ಗಾಳಿ ಬಿದ್ದುಹೋಗಿ, ಸಣ್ಣ ಬಂದರೊಂದರ ಬಾಯಿಗೆ ಬರುವಷ್ಟರಲ್ಲಿ ಕತ್ತಲು ಇಳಿಯುತ್ತಿತ್ತು. ಹಾಯಿ ಇಳಿಸಿ ಇಂಜಿನ್ ಹಾಕಿದ್ದರು. ಕಡಲಿನಿಂದ ಬಂದರಿಗೆ ಬರುವವರಿಗೆ ಕೆಂಪು ದೀಪ ಎಡಗಡೆ ಉಳಿಯಬೇಕು, ಹಸಿರು ದೀಪ ಬಲಗಡೆ. ದೀಪದ ಒಂದು ಮಗ್ಗುಲಲ್ಲಿ ಆಳ, ಇನ್ನೊಂದು ಮಗ್ಗುಲಲ್ಲಿ ಬಂಡೆ. ಎದುರಿಗೆ ಒಂದೇ ದೀಪ ಮಿಣುಕುತ್ತಿತ್ತು, ಅಚ್ಚ ಹಸಿರು.

'ತನು, ಯಾವ ಬಣ್ಣ?'

ಅವಳಿಗೆ ಅಪ್ಪ ನೆನಪಾದ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರ್ಕೆಟ್ಟಿನಲ್ಲಿ ಅಪ್ಪನದೊಂದು ಪದ್ಧತಿಯಿತ್ತು. ಕೊಳ್ಳುವವನು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಿರುವಾಗ, ಹಳದಿ ಗೂಡಿನ ರಾಶಿಯ ಮುಂದೆಯೇ ನಿಂತು, 'ಎಂಗಿದೆ ನೋಡಣ್ಣ ಬಿಳಿ ಗೂಡು' ಅಂದುಬಿಡುತ್ತಿದ್ದ. ನಕ್ಕು ಬೈದವನು ಗೂಡಿಗೆ ಬಂದವನು. ಹೂಂಗುಟ್ಟಿದವನ ಮನಸ್ಸು ಬೇರೆಲ್ಲೋ ಇದೆ, ಅವನ ಜತೆ ವ್ಯಾಪಾರ ಬೇಡ. ಗಂಡನ ಮನಸ್ಸು ಎಲ್ಲಿದೆ, ನೋಡಿಯೇಬಿಡೋಣ ಎನ್ನಿಸಿತು ಅವಳಿಗೆ.

'ಕೆಂಪು' ಅಂದಳು.

ಬೈಯುತ್ತಾನೆ ಎಂದು ಕಾದಳು. 'ಸರಿ' ಎಂದು ಅವನು ಚುಕ್ಕಾಣಿ ತಳ್ಳಿದ. ಅಕ್ಕಯ್ಯಮ್ಮನ ಮೂತಿ ಬಲಕ್ಕೆ ಹೊರಳಿತು. ತಮಾಷೆ ಮಾಡುತ್ತಿದ್ದಾನಾ? ಮುಖ ನೋಡಿದಳು. ತಮಾಷೆಯಿಲ್ಲ. ಹಸಿರು ದೀಪ ಅವರ ಎಡಕ್ಕೆ ಸರಿಯುತ್ತಿತ್ತು, ಮುಂದೆ ನೀರು ಸದ್ದು ಮಾಡುತ್ತ ಬಂಡೆಗೆ ಬಡಿದು ಬೆಳ್ಳಗೆ ನೊರೆಯೇಳುತ್ತಿತ್ತು. ಅವನು ಅತ್ತಲೇ ನೋಡುತ್ತಿದ್ದ, ನೋಡಿಯೂ ಹಾಗೇ ಹೋಗುತ್ತಿದ್ದ.

'ಹಸಿರು ರೀ! ಹಸಿರು!' ಎಂದು ಕಿರುಚಿ ಚುಕ್ಕಾಣಿಯ ಮೇಲೆ ಬಿದ್ದಳು. ಇಬ್ಬರ ಭಾರಕ್ಕೆ ದೋಣಿ ನರಳಿ ತಿರುಗಿತು. ಬಂಡೆಯ ಮೇಲಿನ ಪಾಚಿ ಕಾಣುವಷ್ಟು ಹತ್ತಿರದಿಂದ ಪಾರಾದರು.

ಬಂದರಿನೊಳಗೆ ಹೋಗಿ ಲಂಗರು ಬಿಟ್ಟರು. ಅವನೇ ಬಾಯಿಬಿಟ್ಟ. ಅವತ್ತು ಚಿಂತಾಮಣಿಗೆ ಹೋಗಿದ್ದು ಕಣ್ಣಿನ ಡಾಕ್ಟರ ಹತ್ತಿರ. ಕಣ್ಣಿನ ನರ ಸೊರಗುತ್ತಿದೆಯಂತೆ, ಹೋದದ್ದು ವಾಪಸು ಬರುವುದಿಲ್ಲವಂತೆ. ಬೆಳಕು ಕಮ್ಮಿಯಾದರೆ ಬಣ್ಣ ತಿಳಿಯುವುದಿಲ್ಲ, ದೂರದ್ದು ಹತ್ತಿರದ್ದು ಗೊತ್ತಾಗುವುದಿಲ್ಲ.

'ನಂಗ್ಯಾಕೆ ಹೇಳ್ಲಿಲ್ಲ?'

'ಹೇಳಿದ್ರೆ ದೋಣಿ ಮಾರು ಅಂತೀಯ. ನಿಂಗಿದು ಇಷ್ಟ ಇಲ್ವಲ್ಲ.'

'ಇಷ್ಟ ಇಲ್ಲ ಅಂತ ಯಾರ್ ಹೇಳಿದ್ದು?'

'ನೀನೇ. ದಿನಾ ಹೇಳ್ತೀಯ.'

ಮಾರುವ ಮಾತೆತ್ತಿದರೆ ನೋಡಿ, ನಾಳೆಯಿಂದ ಚುಕ್ಕಾಣಿ ನಂದು ಅಂದಳು ತನುಜ. ಅಷ್ಟು ಹೇಳಿಯೂ ಎದೆಯ ಭಾರ ಇಳಿಯಲಿಲ್ಲ. ಕೊನೆಗೆ ತಲೆತಗ್ಗಿಸಿ, 'ನಾನು ಬೇಕಂತ್ಲೇ ಕೆಂಪು ಅಂದೆ. ನೊರೆ ಸದ್ದು ಕೇಳಿಸ್ತಿತ್ತಲ್ಲ ನಿಮ್ಗೆ. ಆಗ್ಲೂ ನನ್ ಮೇಲೆ ಅನುಮಾನ ಬರ್ಲಿಲ್ವಾ?' ಎಂದಳು.

'ಬಂಡೆ ಸದ್ದು ಅನ್ನಿಸ್ತು. ಆದ್ರೆ ನೀನು ಕೆಂಪು ಅಂದಿದ್ಯಲ್ಲ' ಎಂದ ಅವನು. 'ನನ್ ಕಿವಿ ಮೇಲೇ ಅನುಮಾನ ಬಂತು ಕಣೇ.'

ಇಷ್ಟು ದಿನ ಅವನ ಅಂಗಿ ಮೂಸಿದವಳು ಈಗ ಅದೇ ಅಂಗಿಗೆ ಮುಖ ಒತ್ತಿಕೊಂಡು ಗಟ್ಟಿಯಾಗಿ ಅತ್ತಳು.