ಎರಡು ಉದ್ದ, ಒಂದು ಗಿಡ್ಡ ಹಾರ್ನು

ಮೊನ್ನೆ ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಪುಣ್ಯಕ್ಕೆ ಕಿಟಕಿ ಪಕ್ಕದ ಸೀಟು ಸಿಕ್ಕಿತ್ತು. ಮಡಿಲಲ್ಲಿ ಮೂರು ಕಾಲೇಜುಗಳ ಬ್ರೋಷರುಗಳಿದ್ದವು. ಹೊಳೆಯುವ ಕಾಗದಕ್ಕೆ ಒಂದು ವಾಸನೆ ಇರುತ್ತದಲ್ಲ, ಹೊಸದಾಗಿ ಬಣ್ಣ ಬಳಿದ ಕಬ್ಬಿಣದ ಬೀರುವಿನ ಥರದ್ದು, ಅದು ಮೂಗಿಗೆ ಹೊಡೆಯುತ್ತಿತ್ತು. ಚಾಮರಾಜನಗರ ಇನ್ನೇನು ಬಂತು ಅನ್ನುವಾಗ ಡ್ರೈವರು ಹಾರ್ನು ಹೊಡೆದ. ಎರಡು ಉದ್ದ, ಒಂದು ಗಿಡ್ಡ. ಮುಂದೆ ಎಮ್ಮೆ ಇರಲಿಲ್ಲ, ತಿರುವು ಇರಲಿಲ್ಲ, ಎದುರಿಗೆ ಒಂದು ಸೈಕಲ್ಲೂ ಇರಲಿಲ್ಲ. ಎಡಗಡೆ ಒಂದು ಉದ್ದನೆಯ ಕಾಂಪೌಂಡು ಗೋಡೆ ಇತ್ತು, ಅಷ್ಟೇ.

"ಯಾರಿಗಪ್ಪಾ ಹಾರ್ನು?" ಅಂತ ಕಂಡಕ್ಟರನ್ನು ಕೇಳಿದೆ.

"ಗೊತ್ತಿಲ್ಲ ಕಣಮ್ಮ. ಈ ಲೈನಲ್ಲಿ ಎಲ್ಲಾ ಡ್ರೈವರ್‌ಗಳೂ ಇಲ್ಲಿ ಹೊಡೀತಾರೆ. ಯಾವ್ದಾರ ದೇವ್ರು ಗೀವ್ರು ಇರ್ಬೇಕು" ಅಂದ ಅವನು, ಟಿಕೆಟ್ಟಿನ ಮೆಷಿನ್ನು ಒತ್ತುತ್ತಾ.

ಅಲ್ಲಿ ಯಾವ ದೇವರೂ ಇಲ್ಲ. ಆ ಹಾರ್ನು ಯಾರಿಗೆ ಅನ್ನುವುದು ನನಗೆ ಗೊತ್ತು. ಗೊತ್ತಿದ್ದೂ ಕೇಳಿದೆ. ಟೀಚರ್ ಕೆಲಸ ಮಾಡಿದವರಿಗೆ ಉತ್ತರ ಗೊತ್ತಿರುವ ಪ್ರಶ್ನೆಗಳನ್ನೇ ಕೇಳುವ ದುರಭ್ಯಾಸ ಇರುತ್ತದೆ. ಹೇಳೋಣ ಅಂತ ಬಾಯಿ ತೆರೆಯುವಷ್ಟರಲ್ಲಿ ಅವನು ಹಿಂದಿನ ಸೀಟಿಗೆ ಹೋಗಿಬಿಟ್ಟ. ಹಾಗಾಗಿ ನಿಮಗೆ ಹೇಳುತ್ತಿದ್ದೇನೆ. ನಿಮಗೆ ಟಿಕೆಟ್ಟು ಕೊಡುವ ಕೆಲಸವೇನೂ ಇಲ್ಲವಲ್ಲ.

ನಾನು ತೆರಕಣಾಂಬಿಯ ಜೂನಿಯರ್ ಕಾಲೇಜಿನಲ್ಲಿ ಬಹಳ ವರ್ಷ ಪಿ.ಟಿ. ಟೀಚರಾಗಿದ್ದವಳು. ಸೀರೆ, ಕಾಲಿಗೆ ಬಿಳಿ ಕ್ಯಾನ್ವಾಸ್ ಶೂ, ಕುತ್ತಿಗೆಯಲ್ಲಿ ಸೀಟಿ. ಮೊದಲ ವರ್ಷ ಊರಿನವರು ನನ್ನನ್ನು ನೋಡಿ ನಕ್ಕರು, ಎರಡನೇ ವರ್ಷ ರೂಢಿಯಾಯಿತು, ಮೂರನೇ ವರ್ಷದಿಂದ ಮಕ್ಕಳ ಕಾಲೇಜು ವಿಚಾರ ಕೇಳಲು ಮನೆಗೇ ಬರತೊಡಗಿದರು. ಆಟದಲ್ಲಿ ಮುಂದಿರುವ ಮಕ್ಕಳಿಗೆ ಯಾವ ಕಾಲೇಜು ಒಳ್ಳೆಯದು ಅಂತ. ಅದಕ್ಕಾಗಿ ನಾನು ಒಂದು ಪಟ್ಟಿ ಮಾಡಿಟ್ಟುಕೊಂಡಿದ್ದೆ. ಮೈದಾನ, ಕೋಚು, ಹಾಸ್ಟೆಲು, ಊಟ, ಸ್ಪೋರ್ಟ್ಸ್ ಕೋಟಾ. ಹೆಣ್ಣುಮಕ್ಕಳಾದರೆ ಆರನೆಯದೊಂದು, ಕಾಂಪೌಂಡು. ಒಂದೊಂದಕ್ಕೂ ಹತ್ತರಲ್ಲಿ ಇಷ್ಟು ಅಂತ ಅಂಕ ಹಾಕಿ, ಕೂಡಿಸಿ, ಕೆಳಗೆ ಗೆರೆ ಎಳೆದು ಕೊಡುತ್ತಿದ್ದೆ. ತಂದೆತಾಯಂದಿರು ಅದನ್ನು ಡಾಕ್ಟರ ಚೀಟಿಯ ಹಾಗೆ ಮಡಿಸಿ ಜೇಬಿಗಿಟ್ಟುಕೊಂಡು ಹೋಗುತ್ತಿದ್ದರು.

ಮಕ್ಕಳು ಮಾತ್ರ ಆ ಪಟ್ಟಿಯ ಪ್ರಕಾರ ಒಂದು ದಿನವೂ ಕಾಲೇಜು ಆರಿಸಲಿಲ್ಲ. ಬೇಗೂರಿನ ಒಬ್ಬ ವಾಲಿಬಾಲ್ ಹುಡುಗ ಒಳ್ಳೆಯ ಕೋಚಿದ್ದ ಕಾಲೇಜು ಬಿಟ್ಟು ಬೇರೆ ಕಡೆ ಸೇರಿದ. ಯಾಕಯ್ಯಾ ಅಂದರೆ, "ಅಲ್ಲಿ ಜರ್ಸಿ ಹಿಂದೆ ಹೆಸ್ರು ಹಾಕುಸ್ತಾರೆ ಮಿಸ್" ಅಂದ. ಕಬಡ್ಡಿಯ ಇಬ್ಬರು ಹುಡುಗಿಯರು ಒಂದೇ ಬೆಂಚಿನಲ್ಲಿ ಕೂರಬಹುದು ಅನ್ನುವ ಒಂದೇ ಕಾರಣಕ್ಕೆ ಮೈದಾನವೇ ಇಲ್ಲದ ಕಾಲೇಜಿಗೆ ಹೋದರು. ನಾನು ಇದನ್ನೆಲ್ಲ ಎಳಸುತನ ಅಂತ ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ನಗುತ್ತಿದ್ದೆ. ಭೀಮನಬೀಡಿನ ಜಮೀನ್ದಾರರ ಮನೆ ಹುಡುಗಿಯಾದ ನಾನು ವ್ಯಾಯಾಮ ಶಿಕ್ಷಣದ ಕಾಲೇಜು ಸೇರಿದ್ದು ಅಲ್ಲಿಯ ನೀಲಿ ಟ್ರ್ಯಾಕ್ ಸೂಟಿನ ತೋಳಿಗೆ ಎರಡು ಬಿಳಿ ಪಟ್ಟೆ ಇದ್ದವು ಅಂತ. ಇದನ್ನು ಸ್ಟಾಫ್ ರೂಮಿನಲ್ಲಿ ಯಾರಿಗೂ ಹೇಳಿರಲಿಲ್ಲ.

ನಸ್ರೀನ್ ಅನ್ನುವ ಹುಡುಗಿ ನಮ್ಮ ಕಾಲೇಜಿಗೆ ಬಂದದ್ದು ಆ ಕಾಲದಲ್ಲಿ. ತಂದೆತಾಯಿ ಗುಂಡ್ಲುಪೇಟೆ ಪೇಟೆಯಲ್ಲಿದ್ದರು. ತೆರಕಣಾಂಬಿಯಲ್ಲಿ ಅಜ್ಜಿ ಒಬ್ಬರೇ ಇದ್ದದ್ದರಿಂದ ಇವಳು ಅವರ ಜೊತೆಗಿದ್ದು ಓದುತ್ತಿದ್ದಳು. ಮಾತು ಕಡಿಮೆ, ಉದ್ದನೆಯ ಕಾಲು. ಎಂಟುನೂರು ಮೀಟರು ಓಡುವವಳು. ನಮ್ಮ ಮೈದಾನ ರಸ್ತೆಗೆ ಅಂಟಿಕೊಂಡೇ ಇತ್ತು, ನಡುವೆ ಒಂದು ತಂತಿ ಬೇಲಿ. ಸುತ್ತು ಇನ್ನೂರು ಮೀಟರು. ಬೆಳಿಗ್ಗೆ ಏಳಕ್ಕೆ ಪ್ರಾಕ್ಟೀಸು. ನಾಲ್ಕು ಸುತ್ತಿನಲ್ಲಿ ಮೂರನೆಯದು ಯಾರಿಗೇ ಆದರೂ ಕಷ್ಟ, ಕಾಲು ಸೋತು ಕೊನೆ ಇನ್ನೂ ಕಾಣದ ಸುತ್ತು ಅದು. ಇವಳು ಅಲ್ಲೇ ಜೋರಾಗುತ್ತಿದ್ದಳು. ನಾನು ಅದನ್ನು ನನ್ನ ತರಬೇತಿಯ ಫಲ ಅಂದುಕೊಂಡಿದ್ದೆ.

ಅದೇ ದಿನಗಳಲ್ಲಿ ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ಒಂದು ಪ್ರೈವೇಟ್ ಬಸ್ಸು ದಿನಾ ಏಳೂವರೆ ಸುಮಾರಿಗೆ, ಎಂಟುನೂರರ ಓಟದ ಹೊತ್ತಿಗೆ ಸರಿಯಾಗಿ, ಮೈದಾನದ ಪಕ್ಕ ಹಾಯುವಾಗ ಹಾರ್ನು ಹೊಡೆಯತೊಡಗಿತು. ಎರಡು ಉದ್ದ, ಒಂದು ಗಿಡ್ಡ. ಒಂದು ವಾರ ನೋಡಿದೆ, ಎರಡು ವಾರ ನೋಡಿದೆ. ಹೆಣ್ಣುಮಕ್ಕಳು ಓಡುವ ಜಾಗದಲ್ಲಿ ಇವನದೇನು ಚೇಷ್ಟೆ ಅಂತ ಪಿತ್ತ ನೆತ್ತಿಗೇರಿತು. ಒಂದು ದಿನ ಬೇಲಿ ದಾಟಿ, ರಸ್ತೆ ನಡುವೆ ನಿಂತು, ಕೈ ಎತ್ತಿ ಸೀಟಿ ಊದಿದೆ. ಬಸ್ಸು ನಿಂತಿತು. ಕಿಟಕಿಯಲ್ಲಿ ಖಾಕಿ ಕಾಲರು, ಗಾಬರಿಯಾದ ಒಂದು ಮುಖ.

"ಏನಯ್ಯಾ, ಹೆಣ್ಮಕ್ಕಳನ್ನ ಕಂಡ್ರೆ ಕೈ ಸುಮ್ನಿರಲ್ವಾ ನಿನಗೆ? ಓನರಿಗೆ ಹೇಳ್ಲಾ?"

ಬಸ್ಸಿನ ತುಂಬ ಜನ. ಎಲ್ಲರೂ ಕಿಟಕಿಯಿಂದ ಕತ್ತು ಹೊರಗೆ ಹಾಕಿದರು. ಆತ ಸ್ಟೇರಿಂಗಿನಿಂದ ಎರಡೂ ಕೈ ತೆಗೆದು ಮುಗಿದ.

"ತಪ್ಪಾಯ್ತು ಮೇಡಂ. ಇನ್ಮೇಲೆ ಹೊಡಿಯಕ್ಕಿಲ್ಲ."

ನಾನು ಗೆದ್ದವಳಂತೆ ಮೈದಾನಕ್ಕೆ ವಾಪಸ್ಸು ಬಂದೆ. ಹುಡುಗಿಯರು ಚಪ್ಪಾಳೆ ತಟ್ಟಿದರು. ನಸ್ರೀನ್ ಒಬ್ಬಳು ತಲೆ ತಗ್ಗಿಸಿ ಶೂ ಲೇಸು ಕಟ್ಟುತ್ತಿದ್ದಳು. ಬಹಳ ಹೊತ್ತು ಕಟ್ಟಿದಳು ಅಂತ ಈಗ ನೆನಪಾಗುತ್ತದೆ.

ಹಾರ್ನು ನಿಂತಿತು. ಹದಿನೈದು ದಿನದಲ್ಲಿ ನಸ್ರೀನಳ ಮೂರನೇ ಸುತ್ತು ಎಲ್ಲರ ಮೂರನೇ ಸುತ್ತಿನ ಹಾಗೆಯೇ ಆಯಿತು. ನೆನೆಸಿದ ಕಡಲೆಕಾಳು ತಿನ್ನಿಸಿದೆ. ರಾಗಿ ಅಂಬಲಿ ಕುಡಿ ಅಂದೆ. ಸ್ಟಾಪ್ ವಾಚಿನ ಮೇಲೆ ಅನುಮಾನ ಬಂದು ಬ್ಯಾಟರಿಯನ್ನೂ ಬದಲಿಸಿದೆ. ನನ್ನ ಮೇಲೆ ಮಾತ್ರ ಅನುಮಾನ ಬರಲಿಲ್ಲ.

ಅಷ್ಟರಲ್ಲಿ ಎರಡನೇ ಪಿಯುಸಿ ಮುಗಿಯಿತು. ಜಿಲ್ಲಾ ಮಟ್ಟದಲ್ಲಿ ಅವಳು ಎರಡನೆಯವಳಾಗಿದ್ದರಿಂದ ಮೂರು ಕಾಲೇಜಿನವರು ಬಾ ಅಂದಿದ್ದರು. ಒಂದು ಮೈಸೂರಿನದು. ಒಳ್ಳೆಯ ಟ್ರ್ಯಾಕು, ಒಳ್ಳೆಯ ಕೋಚು, ಹಾಸ್ಟೆಲು. ಪಟ್ಟಿಯಲ್ಲಿ ಅದಕ್ಕೇ ಹೆಚ್ಚು ಅಂಕ. ಎರಡನೆಯದು ಚಾಮರಾಜನಗರದ ಪೇಟೆಯೊಳಗಿನ ಹೆಣ್ಣುಮಕ್ಕಳ ಕಾಲೇಜು. ಮೂರನೆಯದು ಅದೇ ಊರಿನ ಹೊರಗೆ, ಗುಂಡ್ಲುಪೇಟೆ ರಸ್ತೆಯ ಪಕ್ಕದ ಹೊಸ ಕಾಲೇಜು. ಅಲ್ಲಿ ಕೋಚಿಲ್ಲ, ಬೇಲಿಯಿಲ್ಲ, ಮೈದಾನದ ತುಂಬ ನೆಗ್ಗಿಲ ಮುಳ್ಳು. ಅದಕ್ಕೆ ಅಂಕ ಹಾಕುವ ಗೋಜಿಗೇ ನಾನು ಹೋಗಲಿಲ್ಲ.

ಮೈಸೂರಿನದನ್ನು ನಾನೇ ಹೊಡೆದುಹಾಕಿದೆ. ಸಾಬರ ಮನೆ ಹುಡುಗಿ, ಹಾಸ್ಟೆಲಿಗೆ ಎಲ್ಲಿ ಕಳಿಸುತ್ತಾರೆ ಅಂತ. ಅವರನ್ನು ಕೇಳಿದೆನೇ? ಇಲ್ಲ. ಅವರ ಪರವಾಗಿ ನಾನೇ ಯೋಚಿಸಿ, ನಾನೇ ಬೇಡವೆಂದು, ಇಂಥ ವಿಶಾಲ ಮನಸ್ಸಿನವಳು ಸುತ್ತಮುತ್ತ ಇನ್ನೊಬ್ಬಳಿಲ್ಲ ಅಂತ ನನ್ನನ್ನೇ ಮೆಚ್ಚಿಕೊಂಡೆ. ಹೆಣ್ಣುಮಕ್ಕಳ ಕಾಲೇಜಿನ ಪ್ರಿನ್ಸಿಪಾಲರ ಹತ್ತಿರ ಹೋಗಿ ಸೀಟು ಹೇಳಿಟ್ಟು ಬಂದೆ. ಬರುವಾಗ ಗೋಡೆಯ ಎತ್ತರವನ್ನೂ ಕಣ್ಣಳತೆಯಲ್ಲಿ ಅಳೆದುಕೊಂಡು ಬಂದೆ.

ಸೇರಲು ಇನ್ನು ಮೂರೇ ದಿನ ಉಳಿದಿತ್ತು. ನಸ್ರೀನ್ ಬಾಯಿ ಬಿಡುತ್ತಿಲ್ಲ. ಹೀಗೇ ಬಿಟ್ಟರೆ ಓದೂ ಹೋಗಿ ಓಟವೂ ಹೋಗುತ್ತದೆ ಅಂತ ಒಂದು ಶುಕ್ರವಾರ ಮಧ್ಯಾಹ್ನ ಅವಳ ಅಜ್ಜಿಯ ಮನೆಗೆ ಹೋದೆ. ಅವತ್ತು ಅವಳ ತಂದೆಯೂ ಬಂದಿದ್ದರು. ಖಾದರ್ ಅಂತ ಹೆಸರು. ಬಿಳಿ ಜುಬ್ಬ, ಲುಂಗಿ, ತಲೆಗೆ ಟೋಪಿ. ಅಜ್ಜಿ ಸ್ಟೀಲು ಲೋಟದಲ್ಲಿ ಟೀ ಕೊಟ್ಟು ಉರ್ದುವಿನಲ್ಲಿ ಏನೋ ಹೇಳಿದರು. ಸಕ್ಕರೆ ಸಾಕೇ ಅಂತ ಇರಬೇಕು. ನಾನು ಪಟ್ಟಿ ತೆಗೆದು ಓದತೊಡಗಿದೆ. ಖಾದರ್ ಸಾಹೇಬರು ಕೈಕಟ್ಟಿ ಕೇಳಿದರು. ಕೊನೆಗೆ ನನ್ನ ತುರುಪು ಬಿಟ್ಟೆ.

"ಕಾಂಪೌಂಡು ಬಹಳ ಭದ್ರವಾಗಿದೆ."

"ಎಷ್ಟೆತ್ರ ಐತೆ ಮೇಡಂ?"

"ಎರಡಾಳೆತ್ತರ."

"ರೋಡಿಗೆ ಕಾಣಕ್ಕಿಲ್ವಾ?"

"ರೋಡಿಗಾ! ಬಸ್ಸಿನ ಟಾಪ್ ಮೇಲೆ ನಿಂತ್ರೂ ಕಾಣಲ್ಲ. ನೀವು ನಿಶ್ಚಿಂತೆಯಾಗಿರಿ."

ಅವರ ಮುಖ ಇಳಿದುಹೋಯಿತು. ಎತ್ತರ ಸಾಲಲಿಲ್ಲವೇನೋ ಅಂದುಕೊಂಡು ನಾನು ಇನ್ನೊಂದು ಅಳತೆ ಹೇಳಲು ಹೊರಟೆ. ಆಗ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ನಸ್ರೀನ್ ಮಾತಾಡಿದಳು.

"ಮಿಸ್, ಅಬ್ಬಾ ಬಸ್ ಓಡಿಸ್ತಾರೆ. ಅವತ್ತು ನೀವು ಸೀಟಿ ಊದಿ ನಿಲ್ಲಿಸಿದ್ರಲ್ಲ, ಆ ಬಸ್ಸು."

ಟೋಪಿಯ ಕೆಳಗಿನ ಮುಖವನ್ನು ಮತ್ತೊಮ್ಮೆ ನೋಡಿದೆ. ಮನಸ್ಸಿನಲ್ಲೇ ಅದಕ್ಕೊಂದು ಖಾಕಿ ಕಾಲರು ತೊಡಿಸಿ ನೋಡಿದೆ. ಅದೇ ಮುಖ. ನಾಚಿಕೆಯಾಯಿತು ಅಂದರೆ ಕಡಿಮೆ ಆಯಿತು.

"ಬೇಜಾರು ಮಾಡ್ಕೋಬೇಡಿ ಮೇಡಂ" ಅಂದರು ಅವರು, ತಪ್ಪು ತಮ್ಮದೇ ಅನ್ನುವ ಹಾಗೆ. "ನಾನು ಫಸ್ಟ್ ಬಸ್ಗೆ ಹೊಂಟ್ರೆ ಲಾಸ್ಟ್ ಬಸ್ಗೆ ಮನೆ ಸೇರೋದು. ಇವ್ಳು ಇರೋದು ಇಲ್ಲಿ. ಆ ಬೇಲಿ ದಾಟೋ ಅಷ್ಟು ಹೊತ್ತು ನೋಡ್ತಿದ್ದೆ. ಹಾರ್ನ್ ಕೇಳಿದ್ರೆ ಇನ್ನೂ ಜೋರಾಗಿ ಓಡೋಳು. ಸ್ಟೇರಿಂಗ್ ಬುಟ್ಟು ಚಪ್ಪಾಳೆ ತಟ್ಟಕ್ಕಾಯ್ತದಾ?"

"ಅವತ್ತೇ ಹೇಳ್ಬಾರ್ದಿತ್ತಾ?"

"ಬಸ್ ತುಂಬ ಜನ ಇದ್ರಲ್ಲ ಮೇಡಂ. ಅಷ್ಟು ಜನದ್ ಮುಂದೆ ಟೀಚರ್ರು ತಪ್ಪು ತಿಳ್ಕಂಡ್ರು ಅನ್ನಕ್ಕಾಯ್ತದಾ?"

ನನ್ನ ಮರ್ಯಾದೆ ಉಳಿಸಲು ಅಪ್ಪ ಮಗಳು ಇಬ್ಬರೂ ಬಾಯಿ ಮುಚ್ಚಿಕೊಂಡು ಅಷ್ಟು ದಿನ ಕಳೆದಿದ್ದರು. ಅವಳ ಮೂರನೇ ಸುತ್ತು ಹೋದದ್ದು ಅದಕ್ಕೆ. ನಾನು ಕಡಲೆಕಾಳು ನೆನೆಸುತ್ತಿದ್ದೆ.

"ಮೈಸೂರಿಗಾದ್ರೂ ಕಳ್ಸನ ಅಂತಿದ್ದೆ ಮೇಡಂ" ಅಂದರು ಖಾದರ್ ಸಾಹೇಬರು. "ದೊಡ್ಡ ಕೋಚ್ ಅವ್ರಂತೆ. ಇವ್ಳೇ ಒಲ್ಲೆ ಅಂತಾಳೆ."

"ಮೈಸೂರ್ಗೆ ನಿಮ್ ಬಸ್ಸು ಬರಲ್ಲ ಅಬ್ಬಾ" ಅಂದಳು ನಸ್ರೀನ್. ಆಮೇಲೆ ನನ್ನ ಕಡೆ ತಿರುಗಿ, "ನಂಗೆ ಆ ಮುಳ್ಳಿನ ಫೀಲ್ಡೇ ಸಾಕು ಮಿಸ್. ರೋಡಿಗೆ ಕಾಣ್ತದೆ" ಅಂದಳು.

ನಾನು ವಾದ ಮಾಡಿದೆ. ಸುಳ್ಳು ಹೇಳುವುದಿಲ್ಲ, ನಾಚಿಕೆಯಾದ ಮೇಲೂ ವಾದ ಮಾಡಿದೆ. ಮೈಸೂರಿಗೆ ಹೋದರೆ ಎಲ್ಲಿಂದ ಎಲ್ಲಿಗೋ ಹೋಗುತ್ತೀಯ ಅಂದೆ. ಅವಳು ತಲೆಯಾಡಿಸುತ್ತಾ ಕೇಳಿದಳು, ಸೋಮವಾರ ಹೋಗಿ ರಸ್ತೆ ಪಕ್ಕದ ಕಾಲೇಜು ಸೇರಿದಳು.

ಮುಂದೆ ಅವಳು ದೇಶಕ್ಕೇ ಹೆಸರು ತಂದಳು ಅಂತ ನೀವು ಕಾಯುತ್ತಿದ್ದರೆ, ಹಾಗೇನೂ ಆಗಲಿಲ್ಲ. ಯೂನಿವರ್ಸಿಟಿ ಮಟ್ಟದಲ್ಲಿ ನಾಲ್ಕನೆಯವಳಾದಳು. ನಾಲ್ಕನೆಯವರಿಗೆ ಏನೂ ಕೊಡುವುದಿಲ್ಲ, ಮೂರನೆಯವರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳಬಹುದು. ಮೈಸೂರಿನ ಕೋಚಿನ ಕೈಗೆ ಸಿಕ್ಕಿದ್ದರೆ ಮೊದಲನೆಯವಳಾಗುತ್ತಿದ್ದಳೇ? ಆಗುತ್ತಿದ್ದಳು ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ. ಅವಳಿಗೆ ಹಾಗೆ ಅನ್ನಿಸಿದ್ದನ್ನು ನಾನು ಕಾಣೆ. ಈಗ ಕೊಳ್ಳೇಗಾಲದ ಕಡೆ ಒಂದು ಶಾಲೆಯಲ್ಲಿ ಪಿ.ಟಿ. ಟೀಚರಾಗಿದ್ದಾಳೆ.

ಒಂದು ಮದುವೆಯಲ್ಲಿ ಸಿಕ್ಕಾಗ ಅವಳೇ ಉಳಿದ ಕತೆ ಹೇಳಿದಳು. ಅವಳು ಕಾಲೇಜು ಸೇರಿ ವರ್ಷವಾಗುವುದರೊಳಗೆ ಬಸ್ಸಿನ ಓನರು ಖಾದರ್ ಸಾಹೇಬರನ್ನು ಕೇರಳದ ಕಡೆಯ ಲೈನಿಗೆ ಹಾಕಿದನಂತೆ. ಅಲ್ಲಿಗೆ ಮೈದಾನವೂ ಇಲ್ಲ, ಮಗಳೂ ಇಲ್ಲ. ಅವರು ಗುಂಡ್ಲುಪೇಟೆ ಸ್ಟ್ಯಾಂಡಿನಲ್ಲಿ ಈ ಲೈನಿನ ಡ್ರೈವರುಗಳನ್ನೆಲ್ಲ ಕೂಡಿಸಿ ಟೀ ಕೊಡಿಸಿ, "ನನ್ ಮಗ್ಳು ಓಡ್ತಿರ್ತಾಳೆ, ಅಲ್ಲಿ ಒಂದು ಹಾರ್ನ್ ಹೊಡ್ದು ಹೋಗ್ರಪ್ಪ" ಅಂದಿದ್ದರಂತೆ. ಹೇಗೆ ಹೊಡೆಯಬೇಕು ಅಂತ ಬಾಯಲ್ಲೇ ಮಾಡಿ ತೋರಿಸಿದ್ದರಂತೆ. ಅವರು ಹೊಡೆದರು. ಅವಳು ಕಾಲೇಜು ಬಿಟ್ಟ ಮೇಲೂ ಹೊಡೆದರು. ಹಳಬರನ್ನು ನೋಡಿ ಹೊಸಬರೂ ಕಲಿತರು. ಖಾದರ್ ಸಾಹೇಬರು ತೀರಿಕೊಂಡು ಮೂರು ವರ್ಷವಾಯಿತು. ಬೇಡ ಅಂತ ಈ ಲೈನಿನವರಿಗೆ ಯಾರೂ ಹೇಳಿಲ್ಲ.

ಹಾಗೆ ನೋಡಿದರೆ ನಾನು ಮೊನ್ನೆ ಹೊರಟಿದ್ದೂ ಅದೇ ಹಳೆಯ ಕೆಲಸಕ್ಕೆ. ನಮ್ಮ ದೊಡ್ಡಪ್ಪನ ಮೊಮ್ಮಗಳು ಖೋಖೋ ಆಡುತ್ತಾಳೆ. ಯಾವ ಕಾಲೇಜು ಒಳ್ಳೆಯದು, ನೋಡಿಕೊಂಡು ಬಾ ಅಂತ ಅವಳಪ್ಪ ಬ್ರೋಷರುಗಳನ್ನು ಕೊಟ್ಟು ಕಳಿಸಿದ್ದ. ಅವುಗಳಲ್ಲಿ ಒಂದು ನಸ್ರೀನ್ ಓದಿದ ಈ ರಸ್ತೆ ಪಕ್ಕದ್ದೇ. ಮುಂದಿನ ಸ್ಟಾಪಿನಲ್ಲಿ ಇಳಿದು ಗೋಡೆಯ ಉದ್ದಕ್ಕೂ ನಡೆದು ವಾಪಸ್ಸು ಬಂದೆ. ಹೊಸ ಗೋಡೆ, ಎರಡಾಳೆತ್ತರ. ಒಳಗೆ ಮುಳ್ಳೆಲ್ಲ ತೆಗೆಸಿ ಮಣ್ಣು ಹೊಡೆಸಿದ್ದಾರೆ, ಕೋಚೂ ಬಂದಿದ್ದಾರೆ. ನನ್ನ ಪಟ್ಟಿಯ ಪ್ರಕಾರ ಈಗ ಪೂರ್ತಿ ಅಂಕ ಕೊಡಬೇಕು. ಆಫೀಸಿನಲ್ಲಿ ಕೂತಿದ್ದ ಹುಡುಗಿಯನ್ನು ಕೇಳಿದೆ.

"ಮಕ್ಕಳು ಆಡೋದನ್ನ ಅಪ್ಪ ಅಮ್ಮ ನೋಡ್ಬೇಕು ಅಂದ್ರೆ ಎಲ್ಲಿ ನಿಂತ್ಕೋಬೇಕಮ್ಮಾ?"

"ಅದನ್ನ ಯಾರೂ ಕೇಳಲ್ಲ ಮೇಡಂ" ಅಂದಳು ಅವಳು. ಪಾಪ, ಅವಳ ತಪ್ಪಲ್ಲ. ನಾನೂ ಒಂದು ದಿನವೂ ಕೇಳಿದವಳಲ್ಲ. ಪಟ್ಟಿಯ ಆರನೆಯ ಸಾಲಿನ ಕಾಂಪೌಂಡನ್ನು ಹೊಡೆದುಹಾಕಿ ಈ ಪ್ರಶ್ನೆಯನ್ನು ಮೊದಲನೆಯ ಸಾಲಿನ ಮೇಲೆ ಬರೆದುಕೊಂಡೆ. ಅದಕ್ಕೆ ಅಂಕ ಹಾಕುವುದು ಹೇಗೆ ಅಂತ ಹೊಳೆಯಲಿಲ್ಲ.

ಗೇಟಿನಿಂದ ಹೊರಗೆ ಬಂದು ನಿಂತಿದ್ದೆ. ಗುಂಡ್ಲುಪೇಟೆ ಕಡೆಗೆ ಹೋಗುವ ಒಂದು ಬಸ್ಸು ಬಂತು. ಗೋಡೆಯ ಪಕ್ಕಕ್ಕೆ ಬರುತ್ತಲೇ ಹಾರ್ನು ಹೊಡೆಯಿತು. ನನಗೇ ಗೊತ್ತಿಲ್ಲದೆ ಕೈ ಮೇಲೆ ಹೋಯಿತು. ಸುಮ್ಮನೆ, ಕೇಳಿಸಿತು ಅನ್ನುವ ಹಾಗೆ. ಡ್ರೈವರು ಬ್ರೇಕು ಹಾಕಿ ನಿಲ್ಲಿಸಿಯೇಬಿಟ್ಟ. ಇನ್ನೂ ಮೀಸೆ ಸರಿಯಾಗಿ ಬಲಿಯದ ಮುಖ.

"ಬೇಗ ಹತ್ತಿ ಅಮ್ಮ."

"ಹತ್ತಕ್ಕಲ್ಲ ಕಣಪ್ಪಾ."

"ಮತ್ತೆ ಯಾಕೆ ಕೈ ತೋರ್ಸಿದ್ರಿ?"

"ಹಾರ್ನ್ ಹೊಡದ್ಯಲ್ಲ, ಅದಕ್ಕೆ."

ಅವನ ಮುಖದಲ್ಲಿ ಗಾಬರಿ ಕಂಡಿತು. ಗೋಡೆಯ ಮೇಲಿದ್ದ ಕಾಲೇಜಿನ ಬೋರ್ಡನ್ನೂ ನನ್ನ ಕಾಲಿನ ಕ್ಯಾನ್ವಾಸ್ ಶೂವನ್ನೂ ನೋಡಿದ. "ತಪ್ಪಾಯ್ತಮ್ಮ. ಇನ್ಮೇಲೆ ಹೊಡಿಯಕ್ಕಿಲ್ಲ" ಅಂದ.

"ತಪ್ಪೇನಿಲ್ಲ. ಇನ್ನೊಂದ್ಸಲ ಹೊಡಿ" ಅಂದೆ.

ಬಸ್ಸಿನ ಜನವೆಲ್ಲ ಕಿಟಕಿಯಿಂದ ಕತ್ತು ಹೊರಗೆ ಹಾಕಿದ್ದರು. ಅವನು ನನ್ನನ್ನೇ ನೋಡುತ್ತಾ ಎರಡು ಸಲ ಉದ್ದಕ್ಕೆ ಹೊಡೆದು ಕೈ ತೆಗೆದ.

"ಗಿಡ್ಡದ್ದು ಒಂದು ಬಾಕಿ ಐತೆ ಕಣಪ್ಪಾ" ಅಂದೆ.