ಮೊರದ ಕೆಳಗೆ ಏನೈತೆ?

ಆಗ ನನಗೆ ಹದಿನಾರು ವರ್ಷ. ಅದಾಗಿ ಎಪ್ಪತ್ತು ವರ್ಷದ ಮೇಲಾಯಿತು. ಆವತ್ತು ನಾನು ತವರಿಗೆ ಹೋಗುತ್ತೇನಾ ಇಲ್ಲವಾ ಅನ್ನುವುದು ಒಂದು ಮೊರದ ಕೆಳಗಿತ್ತು.

ನಗಬೇಡಿ. ನಿಜವಾಗಿಯೂ ಮೊರದ ಕೆಳಗೇ ಇತ್ತು.

ಮೊನ್ನೆ ಕರೆಂಟು ಹೋದಾಗ ನಮ್ಮ ಮರಿಮಕ್ಕಳು ಇದೇ ಆಟ ಆಡುತ್ತಿದ್ದರು. ಒಬ್ಬಳು ಮನೆಯ ಯಾವುದೋ ಸಾಮಾನನ್ನು ಮನಸ್ಸಲ್ಲಿ ಇಟ್ಟುಕೊಳ್ಳುವುದು, ಇನ್ನೊಬ್ಬಳು ಪ್ರಶ್ನೆ ಕೇಳುವುದು. ಉತ್ತರ ಎಸ್, ಇಲ್ಲವೇ ನೋ. ಒಬ್ಬಳದು ಮಿಕ್ಸಿಯಂತೆ, ಇನ್ನೊಬ್ಬಳದು ಟೀವಿ ರಿಮೋಟಂತೆ. ಸೋತವಳಿಗೆ ಏನೂ ಆಗಲಿಲ್ಲ. ಸೋತರೆ ಏನೂ ಆಗದ ಆಟ ಎಂಥ ಆಟ? ಕರೆಂಟು ಬಂತು, ಎದ್ದು ಹೋದರು.

ನಾನು ಆಡಿದ್ದನ್ನು ಹೇಳುತ್ತೇನೆ, ಕೇಳಿ.

ಅದು ಮಹಾರಾಜರ ಕಾಲ. ಎಲ್ಲೋ ದೊಡ್ಡ ಯುದ್ಧ ನಡೆಯುತ್ತಿತ್ತು. ಎಲ್ಲಿ ಅಂತ ನಮಗೆ ಗೊತ್ತಿರಲಿಲ್ಲ. ಸೀಮೆಎಣ್ಣೆ ಸಿಗುತ್ತಿಲ್ಲ ಅನ್ನುವುದು ಗೊತ್ತಿತ್ತು. ನನ್ನನ್ನು ಕೊಟ್ಟಿದ್ದು ಬೆಟ್ಟದಪುರದ ಹತ್ತಿರದ ಹಳ್ಳಿಗೆ. ತವರು ಹುಣಸೂರಿನ ಪಕ್ಕ. ನನ್ನ ಅಕ್ಕನಿಗೆ ತವರಲ್ಲಿ ಹೆರಿಗೆಯಾಗಿತ್ತು. ಅದಕ್ಕೂ ಮುಂಚೆ ಎರಡು ಕೂಸು ಹೋಗಿದ್ದವು. ಇದು ಉಳಿದ ಮೊದಲ ಕೂಸು. ಅದಕ್ಕೆ ಹೆಸರಿಡುವ ದಿನ ಗೊತ್ತಾಗಿದೆ ಅಂತ ಹೇಳಿ ಕಳಿಸಿದ್ದರು. ನಮ್ಮ ಮಾವನವರ ಗಾಡಿ ಹೊಗೆಸೊಪ್ಪು ಹೇರಿಕೊಂಡು ಮಾರನೆ ದಿನವೇ ಹುಣಸೂರಿಗೆ ಹೊರಡುವುದಿತ್ತು. ಆ ಗಾಡಿ ತಪ್ಪಿದರೆ ನನಗೆ ಬೇರೆ ದಾರಿ ಇರಲಿಲ್ಲ.

(ನನ್ನ ಗಂಡ ಇರಲಿಲ್ಲವಾ ಅಂತೀರಾ? ಇದ್ದರು. ಅವರಮ್ಮನ ಎದುರು ಅವರಿಗೆ ಬಾಯಿ ಇರಲಿಲ್ಲ. ಅಷ್ಟು ಸಾಕು.)

ನಮ್ಮತ್ತೆ ಯಾವತ್ತೂ ‘ಬೇಡ’ ಅಂದವರಲ್ಲ. ‘ನೋಡಾನ’ ಅನ್ನುತ್ತಿದ್ದರು. ಆ ‘ನೋಡಾನ’ದ ಒಳಗೆ ಎಷ್ಟೋ ಹಬ್ಬ, ಎಷ್ಟೋ ಮದುವೆ ಮುಗಿದು ಹೋಗಿದ್ದವು. ಈ ಸಲ ನಾನು ಬಿಡಲಿಲ್ಲ. ಬೆಳಗಿನಿಂದ ಅವರ ಹಿಂದೆಯೇ ತಿರುಗಿದೆ. ಕೊನೆಗೆ ಅವರಿಗೂ ಸಾಕಾಯಿತು.

“ಆಯ್ತು ಕಣಮ್ಮಿ. ಸಾಯಂಕಾಲ ಮೊರದಾಟ ಆಡಾನ. ಗೆದ್ರೆ ಗಾಡಿ ಅತ್ತು. ಸೋತ್ರೆ ತೆಪ್ಪಗೆ ಸೊಪ್ಪು ಕಟ್ಟು.”

ಮೊರದಾಟ ನಮ್ಮ ಮನೆಯ ಹೆಂಗಸರ ಆಟ. ಒಬ್ಬರು ಮನೆಯ ಒಂದು ಸಾಮಾನನ್ನು ಯಾರಿಗೂ ಕಾಣದಂತೆ ಮೊರದ ಕೆಳಗೆ ಇಡಬೇಕು. ಆಡುವವಳ ಕೈಯಲ್ಲಿ ಹತ್ತು ಹುಣಸೆ ಬೀಜ. ಒಂದು ಪ್ರಶ್ನೆಗೆ ಒಂದು ಬೀಜ ಕೊಡಬೇಕು. ಉತ್ತರ ‘ಹೂಂ’, ಇಲ್ಲವೇ ‘ಊಹೂಂ’. ಸುಳ್ಳು ಹೇಳುವಂತಿಲ್ಲ. ಹತ್ತನೆಯ ಬೀಜದ ಉತ್ತರ ಬಂದ ಕೂಡಲೇ, ಇಲ್ಲವೇ ಅದಕ್ಕೂ ಮುಂಚೆ, ಸಾಮಾನಿನ ಹೆಸರನ್ನು ಬಾಯಿಬಿಟ್ಟು ಹೇಳಬೇಕು.

ನನಗೆ ಆ ಆಟ ಇಷ್ಟ. ಯಾಕೆ ಗೊತ್ತಾ? ಸೊಸೆಯಾದವಳಿಗೆ ದಿನವೆಲ್ಲ ಇದ್ದದ್ದು ‘ಹೂಂ’ ಒಂದೇ. ಪ್ರಶ್ನೆ ಕೇಳುವ ಸರದಿ ನಮ್ಮದಾಗಿ, ಉತ್ತರ ಹೇಳುವ ಸರದಿ ಅತ್ತೆಯದಾಗುತ್ತಿದ್ದದ್ದು ಆ ಆಟದಲ್ಲಿ ಮಾತ್ರ.

ಆದರೆ ಆವತ್ತು ಅತ್ತೆ ಆಟ ಶುರು ಮಾಡಲೇ ಇಲ್ಲ. ದನ ಕಟ್ಟಿ ಬಾ ಅಂದರು. ಕಟ್ಟಿದೆ. ನೀರು ಸೇದು ಅಂದರು. ಸೇದಿದೆ. ಜಗುಲಿ ಗುಡಿಸು ಅಂದರು. ಬೆಳಿಗ್ಗೆ ತಾನೇ ಗುಡಿಸಿದ್ದ ಜಗುಲಿ! ಅದನ್ನೂ ಗುಡಿಸಿದೆ. ಹೊತ್ತು ಇಳಿಯುವುದಕ್ಕೆ ಬಂದಾಗ ನಡುಮನೆಯಲ್ಲಿ ಮೊರ ಬೋರಲು ಹಾಕಿ ಕೂತರು.

“ಕೇಳು.”

“ಅಡಿಗೆ ಮನೇದಾ?”

“ಊಹೂಂ.”

“ಕಬ್ಬಿಣದ್ದಾ?”

“ಹೂಂ.”

ಕುಡುಗೋಲು ಅಂದುಕೊಂಡೆ. “ಹೊಲಕ್ಕೆ ತಗಂಡೋಗ್ತೀವಾ?”

“ಊಹೂಂ.”

“ನನ್ನ ಗೇಣಿಗಿಂತ ಉದ್ದಾನಾ?”

“ಊಹೂಂ.” ಪಕ್ಕದಲ್ಲಿ ಕೂತಿದ್ದ ನಾದಿನಿ ಪುಟ್ಟತಾಯಿ ಕಿಸಕ್ಕನೆ ನಕ್ಕಳು. ಅತ್ತೆ ಅವಳ ತೊಡೆ ಚಿವುಟಿದರು. “ಓಗು, ಬತ್ತಿ ಒಸಿ, ದೀಪ ಅಚ್ಚು” ಅಂತ ಎಬ್ಬಿಸಿ ಕಳಿಸಿದರು.

ನಾಲ್ಕು ಬೀಜ ಹೋಗಿತ್ತು. ಅವಳು ನಕ್ಕಿದ್ದರಿಂದ ಒಂದು ಗೊತ್ತಾಯಿತು. ಸಾಮಾನು ಸಣ್ಣದು, ತುಂಬ ಸಣ್ಣದು.

“ಗಂಡಸರು ಮುಟ್ತಾರಾ?”

ಅತ್ತೆ ಯೋಚನೆ ಮಾಡಿದರು. “ನಮ್ಮ ಮನೆ ಗಂಡಸ್ರಾ? ಊಹೂಂ.” ಜಗುಲಿಯಲ್ಲಿ ಕೂತಿದ್ದ ಮಾವ ಕೆಮ್ಮಿದರು.

“ಮನೇಲಿರೋದು ಇದೊಂದೇನಾ?”

“ಹೂಂ.”

ಏಳನೆಯ ಬೀಜ ಕೊಟ್ಟೆ. “ವಾರದಿಂದೆ ಇದು ಕಳೆದೋಗಿ, ನಾನು ನಿಮ್ ಕೈಲಿ ಬೈಸ್ಕಂಡ್ನಾ?”

ಅತ್ತೆ ಗೋಡೆ ನೋಡಿದರು. ಸುಳ್ಳು ಹೇಳುವಂತಿಲ್ಲವಲ್ಲ? “...ಹೂಂ.”

ಸಿಕ್ಕಿತು! ನಾನು ಈಗ ಹಗಲು ಹೊತ್ತಿನಲ್ಲಿ ಬರೆಯುತ್ತಿದ್ದೇನೆ, ಹಾಗಾಗಿ ನಿಮಗೆ ಹೇಳಬಹುದು. ಸೂಜಿ. ಹೊಲಿಯುವ ಸೂಜಿ. ಯುದ್ಧ ಶುರುವಾದ ಮೇಲೆ ಸಂತೆಯಲ್ಲಿ ಸೂಜಿ ಕೇಳಿದರೆ ಅಂಗಡಿಯವನು ನಗುತ್ತಿದ್ದ. ಮನೆಗೆಲ್ಲ ಒಂದೇ ಸೂಜಿ. ಅದನ್ನು ನಾನೇ ಕಳೆದೆ ಅಂತ ಬೈಸಿಕೊಂಡು, ಮನೆಯ ಧೂಳನ್ನೆಲ್ಲ ಜರಡಿ ಹಿಡಿದಿದ್ದೆ, ಕೊನೆಗೆ ಅತ್ತೆಯ ಕಂಬಳಿಯಲ್ಲೇ ಸಿಕ್ಕಿತ್ತು. (ಬೈದದ್ದನ್ನು ವಾಪಸು ತೆಗೆದುಕೊಂಡರಾ? ಅತ್ತೆಯರು ತೆಗೆದುಕೊಳ್ಳುತ್ತಾರಾ?)

ಹೇಳೋಣ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಪುಟ್ಟತಾಯಿ ಹರಳೆಣ್ಣೆ ದೀಪ ತಂದು ಗೂಡಿನಲ್ಲಿ ಇಟ್ಟಳು. ಅತ್ತೆ ದೀಪಕ್ಕೆ ಕೈ ಮುಗಿದು, ನನ್ನ ಕಡೆ ತಿರುಗಿದರು.

“ಯೋಳವ್ವ, ಯೋಳು. ಏನೈತೆ?”

ತೆರೆದ ಬಾಯಿಗೆ ಸೆರಗು ಒತ್ತಿಕೊಂಡೆ.

ದೀಪ ಹಚ್ಚಿದ ಮೇಲೆ ಸೂಜಿಯ ಹೆಸರು ಎತ್ತಬಾರದು. ಮುಟ್ಟಲೂಬಾರದು, ಯಾರಿಗೂ ಕೊಡಲೂಬಾರದು. ಎತ್ತಿದರೆ ಲಕ್ಷ್ಮಿ ಎದ್ದು ಹೋಗುತ್ತಾಳೆ ಅಂತ ನಮ್ಮವ್ವನೂ ಹೇಳಿಕೊಟ್ಟಿದ್ದಳು, ಅತ್ತೆಯೂ ಹೇಳಿಕೊಟ್ಟಿದ್ದರು. ಹೇಳಿದರೆ ನಾನು ದರಿದ್ರದವಳು, ಹೆಸರಿಡುವ ಮನೆಗೆ ಅಂಥವಳನ್ನು ಯಾರು ಕಳಿಸುತ್ತಾರೆ? ಹೇಳದಿದ್ದರೆ ಸೋತವಳು. ದನ ಕಟ್ಟಿಸಿದ್ದು, ನೀರು ಸೇದಿಸಿದ್ದು, ಗುಡಿಸಿದ ಜಗುಲಿಯನ್ನೇ ಗುಡಿಸಿಸಿದ್ದು ಎಲ್ಲ ಆಗ ಅರ್ಥವಾಯಿತು. ನನ್ನ ಜತೆ ಆಡುತ್ತಿದ್ದದ್ದು ಅತ್ತೆಯೊಬ್ಬರೇ ಅಲ್ಲ, ಸೂರ್ಯನನ್ನೂ ಸೇರಿಸಿಕೊಂಡಿದ್ದರು!

“ಯಾಕಮ್ಮಿ, ಗೊತ್ತಾಗ್ನಿಲ್ವಾ? ಓಗ್ಲಿ ಬುಡು. ಕೂಸು ಎಲ್ಲೋಯ್ತದೆ? ನಡೆಯೋವಾಗ ನೋಡಾನ” ಅಂದರು ಅತ್ತೆ, ಮೊರಕ್ಕೆ ಕೈ ಹಾಕುತ್ತಾ.

ಅಳು ಬಂತು. ಅದಕ್ಕಿಂತ ಜಾಸ್ತಿ ಸಿಟ್ಟು ಬಂತು. ಸಿಟ್ಟು ಬಂದರೆ ನನಗೆ ತಲೆ ಚೆನ್ನಾಗಿ ಓಡುತ್ತದೆ, ಈಗಲೂ ಅಷ್ಟೇ. ಕೈಯಲ್ಲಿ ಇನ್ನೂ ಮೂರು ಬೀಜ ಇತ್ತು.

“ತಡೀರಿ ಅತ್ತೆ. ಮೂರು ಪ್ರಶ್ನೆ ಅವೆ.” ಎಂಟನೆಯದನ್ನು ಅವರ ಮುಂದೆ ಇಟ್ಟೆ. “ದೀಪ ಅಚ್ಚಿದ ಮ್ಯಾಲೆ ಇದರ ಹೆಸರು ಯೋಳಬಾರದಾ?”

ಅತ್ತೆ ಬೀಜವನ್ನು ಬೆರಳಲ್ಲಿ ಹೊರಳಿಸಿದರು. ‘ಊಹೂಂ’ ಅಂದರೆ ನಾನು ಹೇಳಿಬಿಡುತ್ತೇನೆ. ‘ಹೂಂ’ ಅಂದರೆ ನನಗೆ ಗೊತ್ತಿದೆ ಅಂತ ಅವರೇ ಒಪ್ಪಿಕೊಂಡಂತೆ.

ಜಗುಲಿಯಿಂದ ಮಾವ ಕೂಗಿದರು. “ಏನಮ್ಮಿ, ಉಸಿರೇ ಇಲ್ವಲ್ಲ? ಹೂಂ ಅನ್ನು, ಇಲ್ಲ ಊಹೂಂ ಅನ್ನು!”

“ಹೂಂ” ಅಂದರು ಅತ್ತೆ. ಬಾಯಿ ತೆರೆಯದೆ.

ಒಂಬತ್ತನೆಯದು. “ಯೋಳಬಾರದ ಒತ್ತಲ್ಲಿ ಯೋಳದೆ ಇದ್ದೋಳು ಸೋತಂಗಾ?”

“ಊಹೂಂ” ಅಂದರು ಅತ್ತೆ. ಆಮೇಲೆ ಎದ್ದು ಸೀರೆ ಕೊಡವಿದರು. “ಆದ್ರೆ ಗೆದ್ದಂಗೂ ಅಲ್ಲ. ಅದು ಅಲ್ಲೇ ಬಿದ್ದಿರ್ಲಿ, ಯಾರೂ ಮುಟ್ಟಬ್ಯಾಡಿ. ಬೆಳಿಗ್ಗೆ ಒಸಿಲು ತೊಳೆದ ಮ್ಯಾಲೆ ಯೋಳು. ಅಷ್ಟರಲ್ಲಿ ಗಾಡಿ ಒಂಟೋದ್ರೆ ನನ್ನ ಕೇಳಬ್ಯಾಡ.”

ಗಾಡಿ ಹೊರಡುವುದು ಕೋಳಿ ಕೂಗುವ ಹೊತ್ತಿಗೆ, ಹೊಸಿಲು ತೊಳೆಯುವುದು ಬೆಳಕು ಹರಿದ ಮೇಲೆ ಅಂತ ಅವರಿಗೆ ಗೊತ್ತಿರಲಿಲ್ಲವಾ?

ಗೊತ್ತಿತ್ತು. ಆದರೆ ಹೊಸಿಲು ತೊಳೆಯುವವಳು ನಾನು ಅನ್ನುವುದು ಅವರಿಗೆ ಮರೆತು ಹೋಗಿತ್ತು.

ಈಗಿನವರು ನನ್ನನ್ನು ಕೇಳುತ್ತಾರೆ, ಅಜ್ಜಿ, ಇಂಥ ಮೂಢನಂಬಿಕೆಯನ್ನೆಲ್ಲ ನಂಬುತ್ತಿದ್ದೆಯಾ ಅಂತ. ನಂಬುತ್ತಿದ್ದೆ. ಅತ್ತೆಯೂ ನಂಬುತ್ತಿದ್ದರು. ಅದಕ್ಕೇ ನಾನು ಬಚಾವಾದೆ. ನಂಬದವರಾಗಿದ್ದರೆ ಸುಳ್ಳು ಹೇಳುತ್ತಿದ್ದರು, ಆಟ ಅಲ್ಲಿಗೇ ಮುಗಿಯುತ್ತಿತ್ತು. ನಿಯಮ ಕಟ್ಟಿದವರೇ ಆ ನಿಯಮಕ್ಕೆ ಹೆದರುವಂತಿದ್ದರೆ, ಬಡವರಿಗೂ ಒಂದು ದಾರಿ ಇರುತ್ತದೆ. ಈಗ ಯಾರಾದರೂ ಹೆದರುತ್ತಾರಾ?

ಇರಲಿ. ಮಾರನೆ ದಿನ ಕೋಳಿಗಿಂತ ಮುಂಚೆ ನಾನೇ ಎದ್ದೆ. ದೀಪ ತಾನಾಗಿ ಆರಿತ್ತು. ನೀರು ಸೇದಿ, ಸಗಣಿ ಕಲಸಿ ಬಾಗಿಲಿಗೆ ಚಿಮುಕಿಸಿ, ಹೊಸಿಲು ತೊಳೆದು, ರಂಗೋಲಿಯ ಒಂದು ಎಳೆ ಎಳೆದೆ. ಮಾವ ಎತ್ತು ಹೂಡುತ್ತಿದ್ದರು. ಕಂಬಳಿ ಹೊದ್ದು ಮಲಗಿದ್ದ ಅತ್ತೆಯ ತಲೆಯ ಹತ್ತಿರ ಹೋಗಿ ಹತ್ತನೆಯ ಬೀಜ ಇಟ್ಟೆ.

“ಅತ್ತೆ, ಎಚ್ಚರ ಐತಾ?”

ಕಂಬಳಿಯೊಳಗಿಂದ ಬಂತು. “ಹೂಂ.”

“ಸೂಜಿ!” ಅಂದೆ, ಬೀದಿಗೆಲ್ಲ ಕೇಳುವ ಹಾಗೆ. ಮೊರ ಎತ್ತಿ, ಮನೆಗಿದ್ದ ಆ ಒಂದೇ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು ಗಾಡಿ ಹತ್ತಿದೆ.